ಗಣಿ ಕಂಪನಿಯನ್ನು ಅಕ್ಕಪಕ್ಕದ ಹಳ್ಳಿಯವರು ನಂಬುವಂತಾಗಲು ಏನು ಮಾಡಬೇಕು?

ಬಳ್ಳಾರಿ ಜಿಲ್ಲೆಯ ಸಂಡೂರನ್ನೇ ತೆಗೆದುಕೊಳ್ಳಿ. ಅಕ್ರಮ ಎಷ್ಟು ಮಿತಿಮೀರಿತ್ತೆಂದರೆ 2011ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಗಣಿಗಾರಿಕೆಗೇ ತಡೆ ಹಾಕಿತು. 2013ರಲ್ಲಿ ಹೆಚ್ಚು ಉಲ್ಲಂಘನೆ ಕಂಡ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಇಷ್ಟೆಲ್ಲ ಕಂಡ ಜನ, ಕಂಪನಿ ಗುಡಿಗೆ ಕೊಟ್ಟ ಚಂದಾ, ಶಾಲೆಗೆ ಬಳಿಸಿದ ಬಣ್ಣವನ್ನು ಬೇಡ ಎನ್ನುವುದಿಲ್ಲ, ಆದರೆ ಅಷ್ಟಕ್ಕೇ ನಂಬುವುದೂ ಇಲ್ಲ.

ಅವರು ನೋಡುವುದೇ ಬೇರೆ. ಅದಿರಿನ ಲಾರಿಗೆ ತಾಡಪಾಲು ಬಿಗಿದಿದೆಯೇ? ಟ್ಯಾಂಕರ್ ರಸ್ತೆಗೆ ದಿನವೂ ನೀರು ಹೊಡೆಯುತ್ತದೋ, ಅಧಿಕಾರಿಗಳು ಬರುವ ದಿನ ಮಾತ್ರವೋ? ಜೋಳದ ಗರಿಯ ಮೇಲೆ ಕೆಂಪು ದೂಳು ಕೂತರೆ ಪರಿಹಾರಕ್ಕೆ ಯಾರನ್ನು ಕೇಳಬೇಕು, ಎಷ್ಟು ದಿನದಲ್ಲಿ ಸಿಗುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ಸಿಡಿಮದ್ದು ಸಿಡಿಸುವ ಹೊತ್ತನ್ನು ಮುಂಚೆಯೇ ತಿಳಿಸಬೇಕು. ಗಣಿ ಶುರುವಾಗುವ ಮುನ್ನವೇ ಮನೆಯವರ ಎದುರು ಗೋಡೆಗಳ ಫೋಟೊ ತೆಗೆದಿಟ್ಟರೆ, ಮುಂದೆ ಬಿರುಕಿನ ವಿಷಯದಲ್ಲಿ ಏಳುವ ಜಗಳ ಅರ್ಧ ಕಡಿಮೆ.

ಇನ್ನು ದುಡ್ಡು. 2015ರ ನಿಯಮದಂತೆ ಹಳೇ ಗುತ್ತಿಗೆದಾರರು ರಾಜಧನದ (ಅದಿರಿಗಾಗಿ ಸರ್ಕಾರಕ್ಕೆ ಕಟ್ಟುವ ಹಣ) ಶೇ 30ರಷ್ಟು, ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಮೊತ್ತವನ್ನು ಗಣಿಬಾಧಿತ ಊರುಗಳ ಒಳಿತಿಗೆಂದೇ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬೇರೆಯಾಗಿ ಕಟ್ಟಬೇಕು. ಅದು ಕಾನೂನಿನ ಬಾಬ್ತು. ಅದನ್ನೇ ತಮ್ಮ ಕೊಡುಗೆ ಎಂದು ಬೋರ್ಡು ಹಾಕಿಸಬಾರದು, ಊರವರಿಗೆ ಅಷ್ಟೂ ತಿಳಿಯುತ್ತದೆ!