ಬೇರೆ ದೇಶಗಳ ಶಿಶುಶಿಕ್ಷಣ ಕಲಿಯೋಕೆ ಸಾಲ ಮಾಡಿ ಕೋರ್ಸ್ ಸೇರಬೇಕಾ?

ಗೋಕಾಕದಲ್ಲಿ ಎಲ್‌ಕೆಜಿ ಕಲಿಸ್ತೀರಿ, ಫಿನ್ಲೆಂಡ್, ಇಟಲಿ, ನ್ಯೂಜಿಲೆಂಡ್ ಪದ್ಧತಿಗಳನ್ನು ಕಲಿತು ಇಲ್ಲಿನ ಸಣ್ಣ ಮಕ್ಕಳ ಪರ ದನಿ ಎತ್ತಬೇಕು, ಅದಕ್ಕೆ ಸಾಲ ಮಾಡಿ ಆನ್‌ಲೈನ್ ಡಿಪ್ಲೊಮಾ ಸೇರಲೋ ಬೇಡವೋ ಅಂತ ಕೇಳಿದ್ದೀರಿ. ಓದಿ ಮೊದಲು ನಗು ಬಂತು, ಆಮೇಲೆ ಸಂಕಟ ಆಯ್ತು. 2017ರಲ್ಲಿ ನಾನು ವಿಜಯಪುರದಲ್ಲಿ ಎಲ್‌ಕೆಜಿ ಟೀಚರ್. ಯಾರನ್ನೂ ಕೇಳಲಿಲ್ಲ. ಎರಡು ಪಾಟ್ಲಿ ಒತ್ತೆ ಇಟ್ಟು ಕೋರ್ಸ್ ಸೇರಿಬಿಟ್ಟೆ.

ಕೋರ್ಸ್ ಕೆಟ್ಟದ್ದೇನೂ ಇರಲಿಲ್ಲ. ಫಿನ್ಲೆಂಡಿನಲ್ಲಿ ಏಳು ತುಂಬುವ ವರ್ಷದ ತನಕ ಒಂದನೇ ಕ್ಲಾಸಿಗೆ ಸೇರಿಸೋದಿಲ್ಲ ಅಂತ ಕೇಳಿದಾಗ, ಮೂರೂವರೆ ವರ್ಷದ ಮಕ್ಕಳಿಗೆ ಹೋಮ್‌ವರ್ಕ್ ಕೊಡುತ್ತಿದ್ದ ನನಗೆ ನಾಚಿಕೆ ಆಗಿತ್ತು. ರೋಮಿನ ಬಡವರ ಓಣಿಯಲ್ಲಿ ಮಾಂಟೆಸ್ಸರಿ 1907ರಲ್ಲಿ ತೆರೆದ ಮಕ್ಕಳ ಮನೆ, ಇಟಲಿಯ ಇನ್ನೊಂದು ಊರು ರೆಜ್ಜೋ ಎಮಿಲಿಯಾದ ಶಾಲೆಗಳ ಫೋಟೋ, ಬೆಳಕು, ಮಣ್ಣು, ಬಣ್ಣ ಎಲ್ಲ ನೋಡಿ ತಲೆ ತಿರುಗಿತು. ಕೋರ್ಸಿನ ಕೊನೆಗೆ ನಿಮ್ಮ ಊರಲ್ಲಿ ಮಕ್ಕಳ ಪರ ಒಂದು ಬೇಡಿಕೆ ಇಟ್ಟು ಬನ್ನಿ ಅಂತ ಪ್ರಾಜೆಕ್ಟ್ ಕೊಟ್ಟರು.

ನಮ್ಮ ಶಾಲೆಯ ಆಯಾ ಇಂಡಿ ತಾಲ್ಲೂಕಿನ ಒಂದು ತಾಂಡಾದವಳು. ಅವರ ತಾಂಡಾದಲ್ಲಿ ಅಂಗನವಾಡಿ ಇರಲಿಲ್ಲ. ಊರೊಳಗಿನದಕ್ಕೆ ಎರಡು ಕಿಲೋಮೀಟರ್, ನಡುವೆ ಹಳ್ಳ. ಸರಿ, ಇದೇ ನನ್ನ ಪ್ರಾಜೆಕ್ಟ್ ಅಂದುಕೊಂಡೆ. 22 ಪುಟದ ಮನವಿ ಬರೆದು, ಸ್ಪೈರಲ್ ಬೈಂಡಿಂಗ್ ಮಾಡಿಸಿ, ಮುಖಪುಟಕ್ಕೆ ಹಿಮದಲ್ಲಿ ಆಡುವ ಫಿನ್ಲೆಂಡ್ ಮಕ್ಕಳ ಫೋಟೋ ಹಾಕಿಸಿದೆ. ಇಂಡಿಯ ಬಿಸಿಲಿಗೆ ಹಿಮ! ಜುಲೈನಲ್ಲಿ ಅದನ್ನು ಹಿಡಿದು ಸಂಬಂಧಪಟ್ಟ ಕಚೇರಿಗೆ ಹೋದೆ. ಅಲ್ಲಿದ್ದವರು ಪುಟ ತಿರುವಿ ಹಾಕಿ, ನಿಜಕ್ಕೂ ಮರ್ಯಾದೆಯಿಂದಲೇ ಕೇಳಿದರು.

"ಭಾಳ ಚಲೋ ಬರದೀರಿ ಅಕ್ಕಾರ. ತಾಂಡಾದಾಗ ಆರು ವರ್ಷದ ಒಳಗಿನ ಹುಡುಗ್ರು ಎಷ್ಟ ಅದಾವು?"

"ಒಂದ ಇಪ್ಪತ್ತು, ಮೂವತ್ತ ಇರಬಹುದ್ರೀ ಸರ್."

"ಇರಬಹುದು ಅಂದ್ರ ನಾ ಏನಂತ ಬರೀಲಿ? ಯಾದಿ ತರ್ರಿ."

ನಾನು ಮಾಡಿದ ತಪ್ಪು ಇಲ್ಲೇ ಇದೆ. ಪೂರಾ ಬಿಡಿಸಿ ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ಯಾದಿ ಇಲ್ಲದೆ ಹೋದದ್ದು ಸಣ್ಣ ತಪ್ಪು, ಅದು ಎಂಟು ದಿನದಲ್ಲಿ ಸರಿಹೋಗುತ್ತಿತ್ತು. ಅವರು ಯಾದಿ ಕೇಳಿದ್ದನ್ನು ನಾನು ಅವಮಾನ ಅಂತ ತಗೊಂಡೆ. ಸಾಗಹಾಕೋಕೆ ಹೀಗೆ ಹೇಳ್ತಿದ್ದಾರೆ, ಇವರಿಗೆ ವಿಷಯ ತಿಳಿದಿಲ್ಲ, ಇನ್ನಷ್ಟು ತಿಳಿಸಿಕೊಟ್ಟರೆ ದಾರಿಗೆ ಬರ್ತಾರೆ ಅಂತ ತಿಳಿದು, ಮನೆಗೆ ಬಂದು ಸ್ವೀಡನ್ ಸೇರಿಸಿದೆ, ಜಪಾನ್ ಸೇರಿಸಿದೆ. ಪಿಪಿಟಿ ಮಾಡಿದೆ. ಹೀಗೆ ಮೂರೂವರೆ ತಿಂಗಳು ಹೋಯ್ತು. ಮಕ್ಕಳನ್ನು ಎಣಿಸೋದು ಅಂದ್ರೆ ಗುಮಾಸ್ತರ ಕೆಲಸ, ನಾನು ಮಾಡೋದು ದೊಡ್ಡ ಕೆಲಸ ಅನ್ನೋ ಸೊಕ್ಕು ಒಳಗೆ ಇತ್ತು ಅಂತ ಈಗ ಒಪ್ಪಿಕೊಳ್ತೀನಿ.

ಕೊನೆಗೆ ನವೆಂಬರ್‌ನಲ್ಲಿ ಎಣಿಸೋಕೆ ಹೋದರೆ ತಾಂಡಾದ ಅರ್ಧಕ್ಕರ್ಧ ಮನೆಗೆ ಬೀಗ. ದಸರಾ ಮುಗೀತಿದ್ದ ಹಾಗೆ ಮುಂಗಡ ತಗೊಂಡ ಜೋಡಿಗಳೆಲ್ಲ ಕಬ್ಬು ಕಡಿಯೋಕೆ ಹೋಗಿಬಿಟ್ಟಿದ್ದರು. ನನಗೆ ಅದು ಗೊತ್ತೇ ಇರಲಿಲ್ಲ, ಅಂದರೆ ಜನ ದುಡಿಯೋಕೆ ಹೋಗ್ತಾರೆ ಅಂತ ಗೊತ್ತಿತ್ತು, ಅದು ನನ್ನ ಎಣಿಕೆಯನ್ನ ಏನು ಮಾಡುತ್ತೆ ಅಂತ ಗೊತ್ತಿರಲಿಲ್ಲ. ಶಾಲೆಗೆ ಹೋಗೋ ದೊಡ್ಡ ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಹೋಗ್ತಾರೆ. ಮೊಲೆ ಕುಡಿಯೋವು, ಆಗಷ್ಟೇ ನಡೆಯೋವು, ಮೂರು ನಾಕು ವರ್ಷದವು ಅವ್ವನ ಜೊತೆ ಗದ್ದೆಗೆ. ಅಂದರೆ ನಾನು ಯಾವ ವಯಸ್ಸಿನ ಮಕ್ಕಳ ಪರ ಮಾತಾಡಬೇಕು ಅಂತ ಹೊರಟಿದ್ದೆನೋ ಸರಿಯಾಗಿ ಅದೇ ವಯಸ್ಸಿನವರು ಆ ತಿಂಗಳು ಅಲ್ಲಿ ಇರೋದಿಲ್ಲ. ಪರಿಶೀಲನೆಗೆ ಬಂದ ಮೇಲ್ವಿಚಾರಕಿಗೆ ಸಿಕ್ಕಿದ್ದು 11 ಮಕ್ಕಳು. ಸಂಖ್ಯೆ ಕಡಿಮೆ ಅಂತ ಷರಾ ಬರೆದು ಫೈಲ್ ಮುಚ್ಚಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೀತಿದ್ದೆ.

ಮುಂದಿನ ಜೂನ್‌ನಲ್ಲಿ ಆಯಾಳ ಅತ್ತೆಯನ್ನ ಕರ್ಕೊಂಡು ಮನೆಮನೆ ತಿರುಗಿದೆ. ಆ ಮುದುಕಿಗೆ ಓದು ಬರಹ ಇಲ್ಲ, ಆದರೆ ಯಾವ ಮಗು ಸೇವಾಲಾಲ್ ಜಯಂತಿಗೆ ಹುಟ್ಟಿದ್ದು, ಯಾವುದು ಕಾರಹುಣ್ಣಿಮೆ ಹಿಂದಿನ ದಿನದ್ದು, ಎಲ್ಲ ಬಾಯಲ್ಲೇ. ಅವಳು ಹೇಳಿದ್ದನ್ನು ತಾಯಿ ಕಾರ್ಡ್ ಜೊತೆ ತಾಳೆ ನೋಡಿದರೆ ಒಂದೆರಡು ಕಡೆ ಕಾರ್ಡಿನಲ್ಲೇ ತಪ್ಪಿತ್ತು. ಒಟ್ಟು 47 ಮಕ್ಕಳು.

ಯಾದಿ ತೋರಿಸಿದಾಗ ನಮ್ಮ ಓಣಿಯ ನಿವೃತ್ತ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಇನ್ನೊಂದು ಮಾತು ಹೇಳಿದರು. ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಕೊಟ್ಟ ಆದೇಶದಲ್ಲಿ, ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದು ಅಂಗನವಾಡಿ ಇಲ್ಲದ ಹಳ್ಳಿ ಅಥವಾ ಕೊಳೆಗೇರಿಯವರು ಬೇಡಿಕೆ ಇಟ್ಟರೆ ಮೂರು ತಿಂಗಳೊಳಗೆ ಕೊಡಬೇಕು ಅಂತಿದೆ. ನನಗೆ ಫಿನ್ಲೆಂಡಿನ ಏಳು ಗೊತ್ತಿತ್ತು, ನಮ್ಮ ನಲವತ್ತು ಗೊತ್ತಿರಲಿಲ್ಲ. ಹೊಸ ಮನವಿ ಎರಡೇ ಪುಟ: ಒಂದರಲ್ಲಿ ಆದೇಶ, ಇನ್ನೊಂದರಲ್ಲಿ ಹೆಸರು, ಹುಟ್ಟಿದ ದಿನ, ಅವ್ವನ ಹೆಬ್ಬೆಟ್ಟು. ಮೂರು ತಿಂಗಳಲ್ಲಿ ಆಯ್ತು ಅಂತ ತಿಳಿಯಬೇಡಿ, ಒಂದು ವರ್ಷದ ಮೇಲೆ ಹಿಡೀತು. 2019ರ ಆಗಸ್ಟ್‌ನಲ್ಲಿ ಸೇವಾಲಾಲ್ ಗುಡಿಯ ಪಕ್ಕದ ಕೋಣೆಯಲ್ಲಿ ಶುರುವಾಯ್ತು, ಏಳು ತಿಂಗಳಿಗೆ ಕೊರೊನಾ ಬಂದು ಬಾಗಿಲು ಹಾಕಿತು. ಆ ಕಥೆ ಬೇರೆ.

ನನ್ನ ಸೊಕ್ಕಿನಿಂದ ಹೋದ ಆ ಒಂದು ವರ್ಷದಲ್ಲಿ ಒಂಬತ್ತು ಮಕ್ಕಳು ಆರು ದಾಟಿ ಸೀದಾ ಒಂದನೇ ಕ್ಲಾಸಿಗೆ ಹೋದವು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಒಬ್ಬಳು ಮೊದಲ ವಾರ ಟೀಚರನ್ನ "ಯಾಡಿ" ಅಂತ ಕರೆದಳಂತೆ. ಅವರ ಮಾತಲ್ಲಿ ಅವ್ವ ಅಂತ. ಕ್ಲಾಸಿನವರೆಲ್ಲ ನಕ್ಕರು. ದೀಪಾವಳಿ ತನಕ ಆ ಹುಡುಗಿ ಶಾಲೆಯಲ್ಲಿ ಬಾಯಿ ಬಿಡಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಯಾವ ದೇಶದ ಪದ್ಧತಿ ಒಳ್ಳೇದು ಅಂತ ಕಲಿತು ಆಮೇಲೆ ದನಿ ಎತ್ತುವುದು ತಿರುವುಮುರುವಾದ ದಾರಿ. ಬೇರೆ ದೇಶದ ಬಗ್ಗೆ ಓದಿ, ಬೇಡ ಅನ್ನೋದಿಲ್ಲ, ಆದರೆ ಕ್ಲಾಸ್‌ರೂಮಿನ ಫೋಟೋ ನೋಡಬೇಡಿ, ಅಲ್ಲಿನ ಜಗಳ ಓದಿ. ಯಾರು ಕೇಳಿದರು, ಯಾರು ಕೊಡಲ್ಲ ಅಂದರು, ದುಡ್ಡು ಎಲ್ಲಿಂದ ಬಂತು?

ನನ್ನ ಕೋರ್ಸಿನಲ್ಲಿ ರೆಜ್ಜೋ ಅಂದರೆ ಬೆಳಕಿನ ಮೇಜು, ಬಣ್ಣದ ಗಾಜು. ಆಮೇಲೆ ಓದಿದಾಗ ತಿಳಿದದ್ದು: 1945ರಲ್ಲಿ ಯುದ್ಧ ಮುಗಿದ ಕೆಲವೇ ದಿನಕ್ಕೆ, ಅಲ್ಲಿ ಹತ್ತಿರದ ವಿಲ್ಲಾ ಚೆಲ್ಲಾ ಅನ್ನೋ ಹಳ್ಳಿಯವರು ಜರ್ಮನ್ ಸೈನ್ಯ ಬಿಟ್ಟುಹೋದ ಟ್ಯಾಂಕ್, ಲಾರಿ, ಕುದುರೆ ಮಾರಿ ಬಂದ ದುಡ್ಡಲ್ಲಿ ಮಕ್ಕಳ ಶಾಲೆ ಕಟ್ಟೋಕೆ ಶುರುಮಾಡಿದರು. ಸುದ್ದಿ ಕೇಳಿ, ಮುಂದೆ ರೆಜ್ಜೋ ಪದ್ಧತಿ ರೂಪಿಸಿದ ಶಿಕ್ಷಕ ಲೋರಿಸ್ ಮಲಗುಜ್ಜಿ ಸೈಕಲ್ ಹತ್ತಿ ನೋಡೋಕೆ ಹೋದರು. ಪಂಡಿತರು ಆಮೇಲೆ ಬಂದದ್ದು, ಮೊದಲು ಬಂದದ್ದು ಇಟ್ಟಿಗೆ. ರೆಜ್ಜೋ ನಗರಸಭೆ ತನ್ನ ಮೊದಲ ಶಿಶುಶಾಲೆ ತೆರೆದದ್ದು 1963ರಲ್ಲಿ. ನಡುವೆ ಹದಿನೆಂಟು ವರ್ಷ.

ಕಿಂಡರ್‌ಗಾರ್ಟನ್ ಅನ್ನೋ ಹೆಸರಿಟ್ಟ ಫ್ರೋಬೆಲ್ ಕಥೆ ಇನ್ನೂ ಚೆನ್ನಾಗಿದೆ. 1851ರಲ್ಲಿ ಜರ್ಮನಿಯ ಪ್ರಷ್ಯಾ ರಾಜ್ಯದ ಸರ್ಕಾರ ಅವನ ಶಾಲೆಗಳು ನಾಸ್ತಿಕತೆ, ಸಮಾಜವಾದ ಕಲಿಸುತ್ತವೆ ಅಂತ ನಿಷೇಧಿಸಿತು. ಅವನ ಅಣ್ಣತಮ್ಮಂದಿರ ಮಗನೊಬ್ಬ ಕಾರ್ಲ್ ಫ್ರೋಬೆಲ್ ಅಂತ ಇದ್ದ, ಅವನ ವಿಚಾರಗಳನ್ನು ಇವನ ತಲೆಗೆ ಕಟ್ಟಿದರು. ಫ್ರೋಬೆಲ್ ಮರುವರ್ಷವೇ ತೀರಿಕೊಂಡ. ಬರ್ತಾ ಫಾನ್ ಮಾರೆನ್‌ಹೋಲ್ಟ್ಸ್ ಬ್ಯುಲೋ ಅನ್ನೋ ಹೆಣ್ಣುಮಗಳು ದೇಶದೇಶ ತಿರುಗಿ ಮಾತಾಡಿ, 1860ರಲ್ಲಿ ನಿಷೇಧ ತೆಗೆಸುವ ತನಕ ಬಿಡಲಿಲ್ಲ. ಒಂಬತ್ತು ವರ್ಷ! ನಾನು ಮೂರೂವರೆ ತಿಂಗಳು ಪಿಪಿಟಿ ಮಾಡಿ ಸುಸ್ತಾಗಿದ್ದೆ.

ನ್ಯೂಜಿಲೆಂಡಿನವರು 1996ರಲ್ಲಿ ತಂದ ಪಠ್ಯಕ್ರಮದ ಹೆಸರು ತೆ ಫಾರಿಕಿ, ನೇಯ್ದ ಚಾಪೆ ಅಂತ ಅರ್ಥ. ಎಲ್ಲರೂ ಅದನ್ನ ಹೊಗಳ್ತಾರೆ. ಅದಕ್ಕೂ ಮುಂಚೆ, 1982ರಲ್ಲೇ, ಅಲ್ಲಿನ ಮೂಲ ನಿವಾಸಿಗಳಾದ ಮಾವೊರಿ ಜನ ತಮ್ಮ ಭಾಷೆ ಸಾಯ್ತಿದೆ ಅಂತ ಅಜ್ಜಿಯರನ್ನ ಕೂರಿಸಿ ಸಣ್ಣ ಮಕ್ಕಳಿಗೆ ಅದೇ ಭಾಷೆಯಲ್ಲಿ ಎಲ್ಲ ನಡೆಸೋ ಕೊಹಾಂಗಾ ರೆಯೊ, ಅಂದರೆ ಭಾಷೆಯ ಗೂಡು, ಶುರುಮಾಡಿದ್ದರು. ಇದನ್ನ ಓದಿದಾಗ "ಯಾಡಿ" ಅಂದ ಹುಡುಗಿ ನೆನಪಾದಳು. ಈಗ ಆಯಾಳ ಅತ್ತೆ ವಾರಕ್ಕೆರಡು ದಿನ ಅಂಗನವಾಡಿಯಲ್ಲಿ ಕೂತು ಲಂಬಾಣಿಯಲ್ಲಿ ಕಥೆ ಹೇಳ್ತಾಳೆ. ಇಲಾಖೆ ಕೊಡೋ ಚಿಲಿಪಿಲಿ ಪುಸ್ತಕದ ಚಟುವಟಿಕೆ ಒಂದು ಕಡೆ, ಇದು ಇನ್ನೊಂದು ಕಡೆ. ನೋಡಿ, ಪರದೇಶ ನನಗೆ ಉಪಯೋಗಕ್ಕೆ ಬಂದದ್ದು ಹೀಗೆ, ಯಾದಿ ಮಾಡಿದ ಮೇಲೆ.

ಇನ್ನು ಪರದೇಶಕ್ಕೆ ಯಾಕೆ, ಅಂಗನವಾಡಿ ಅನ್ನೋ ಮಾತು ಬಂದದ್ದೇ ಪಕ್ಕದ ಮಹಾರಾಷ್ಟ್ರದಿಂದ. ಆದಿವಾಸಿ ಮಕ್ಕಳು ಬಾಲವಾಡಿಗೆ ಬರಲಿಲ್ಲ ಅಂತ ತಾರಾಬಾಯಿ ಮೋಡಕ್ ಬಾಲವಾಡಿಯನ್ನೇ ಅವರ ಅಂಗಳಕ್ಕೆ ಹೊತ್ತುಕೊಂಡು ಹೋದರು. ಮೊದಲು ಬೋರ್ಡಿ ಅನ್ನೋ ಊರಲ್ಲಿ, ಆಮೇಲೆ ಕೋಸಬಾಡದಲ್ಲಿ. ದನ ಕಾಯೋ ಮಕ್ಕಳಿಗಾಗಿ ಹುಲ್ಲುಗಾವಲಲ್ಲೇ ಶಾಲೆ ಮಾಡಿದರು. ನನ್ನ ಕೋರ್ಸಿನಲ್ಲಿ ತಾರಾಬಾಯಿಯವರ ಹೆಸರೇ ಇರಲಿಲ್ಲ!

ಒಂದು ಕಾನೂನಿನ ಮಾತು. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಶುರುವಾಗೋದು ಆರು ವರ್ಷದಿಂದ. ಮೂರರಿಂದ ಆರರ ಮಕ್ಕಳಿಗೆ ಸರ್ಕಾರ ವ್ಯವಸ್ಥೆ "ಮಾಡಬಹುದು" ಅಂತ 11ನೇ ಕಲಂ ಹೇಳುತ್ತೆ. ಫ್ರಾನ್ಸಿನಲ್ಲಿ 2019ರಿಂದ ಮೂರು ವರ್ಷಕ್ಕೇ ಕಡ್ಡಾಯ. ಮೂರಕ್ಕೆ ಕಡ್ಡಾಯ ಮಾಡೋದು ನನಗೆ ಹಿಡಿಸೋದಿಲ್ಲ, ಆದರೆ "ಬಹುದು" ಅನ್ನೋದಂತೂ ಸಾಲದು. ನಾನು ಕಚೇರಿಯಲ್ಲಿ ಹೇಳಿದ "ಇರಬಹುದು" ಇದರ ತಂಗಿಯೇ.

ಸಾಲದ ವಿಷಯ: ಮಾಡಬೇಡಿ. ಹೋಲಿಕೆ ಮಾಡಿ ನೋಡಿ ಅಂತ ಬೇರೆಯವರು ಬರೆದಾರು, ನಾನು ಬರೆಯೋದಿಲ್ಲ. ಆ ದುಡ್ಡಲ್ಲಿ ಬೇಕಾದರೆ ಒಂದು ಹಳೇ ಸ್ಕೂಟಿ ತಗೊಳ್ಳಿ. ನೀವು ಇರೋದು ಗೋಕಾಕದಲ್ಲಿ. ನಮ್ಮ ಕಡೆಯ ತಾಂಡಾಗಳಿಂದ ಕಾಣೆಯಾಗೋ ಮಕ್ಕಳಲ್ಲಿ ಒಂದಿಷ್ಟು ಚಳಿಗಾಲಕ್ಕೆ ನಿಮ್ಮ ಕಡೆಯ ಕಬ್ಬಿನ ಗದ್ದೆಗಳಿಗೇ ಬರ್ತಾವೆ. ಕಾರ್ಖಾನೆ ಶುರುವಾಗಿ ಹದಿನೈದು ದಿನಕ್ಕೆ ಗ್ಯಾಂಗ್‌ನವರ ಜೋಪಡಿಗಳಿಗೆ ಸಂಜೆ ಹೊತ್ತು ಹೋಗಿ, ಹಗಲು ಯಾರೂ ಸಿಗೋದಿಲ್ಲ. ಹೆಸರು, ವಯಸ್ಸು, ಯಾವ ತಾಂಡಾ ಅಂತ ಬರ್ಕೊಳ್ಳಿ. ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ವಲಸೆ ಹೋದ ಮಗುವಿನ ಹೆಸರನ್ನು ಹೋದ ಕಡೆಯ ಅಂಗನವಾಡಿಗೆ ವರ್ಗ ಮಾಡೋ ಅವಕಾಶ ಇದೆ, ನಿಮ್ಮ ಕಡೆಯ ಕಾರ್ಯಕರ್ತೆಯರನ್ನ ಕೇಳಿ, ಆದರೆ ಕೈಯಲ್ಲಿ ಯಾದಿ ಇಟ್ಟುಕೊಂಡೇ ಕೇಳಿ. ಇಂಡಿ ಕಡೆಯ ಮಕ್ಕಳು ಸಿಕ್ಕರೆ ಇದರ ಕೆಳಗೇ ತಿಳಿಸಿ. ಈ ಜೂನ್‌ನ ನಮ್ಮ ಯಾದಿ ನನ್ನ ಹತ್ತಿರ ಇದೆ, ತಾಳೆ ನೋಡೋಣ.