ಆನೆ ಕಾಡಿಗೆ ಹೋಯಿತು, ಹೊಟ್ಟೆ ಮಾತ್ರ ಸರಿಹೋಗಲಿಲ್ಲ

ದಕ್ಷಿಣ ಕೊಡಗಿನ ಸಣ್ಣ ಕಾಫಿ ಬೆಳೆಗಾರರೊಬ್ಬರ ಪ್ರಕರಣ ಇದು. ವಯಸ್ಸು ಐವತ್ತು ದಾಟಿದೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಅವರನ್ನು ನನ್ನ ಹತ್ತಿರ ಕಳಿಸಿದ್ದು ಹೊಟ್ಟೆಯ ಡಾಕ್ಟರು. ಬೆಳಿಗ್ಗೆ ಎದ್ದ ಕೂಡಲೇ ನಾಲ್ಕೈದು ಸಲ ಭೇದಿ. ಆಮೇಲೆ ಮಧ್ಯಾಹ್ನದವರೆಗೂ ಹಸಿವಿಲ್ಲ, ತಿಂದದ್ದು ಹೊಟ್ಟೆಯಲ್ಲೇ ನಿಂತ ಹಾಗೆ. ಎಂಡೋಸ್ಕೋಪಿ, ಸ್ಕ್ಯಾನಿಂಗ್, ಥೈರಾಯ್ಡ್, ಶುಗರ್ ಎಲ್ಲ ನೋಡಿದ್ದಾಯಿತು. ಎಲ್ಲವೂ ನಾರ್ಮಲ್. "ಹಾಗಾದ್ರೆ ನಾನು ನಾಟಕ ಮಾಡ್ತಾ ಇದ್ದೀನಾ ಮೇಡಂ?" ಎಂದು ಬೇಸರದಿಂದಲೇ ಕೇಳಿದರು.

ಯಾವಾಗಿನಿಂದ ಹೀಗೆ ಎಂದಾಗ ಉತ್ತರ ಕೊಟ್ಟಿದ್ದು ಹೆಂಡತಿ. "ಆನೆ ಎದುರಾದಾಗಿನಿಂದ."

ಗದ್ದೆಯಲ್ಲಿ ಭತ್ತ ತೆನೆ ಬಿಟ್ಟಿತ್ತು. ರಾತ್ರಿ ನಾಯಿ ಬೊಗಳಿತೆಂದು ಟಾರ್ಚ್ ಹಿಡಿದು ಹೊರಗೆ ಹೋದವರಿಗೆ ಬೈನೆ ಮರದ ಬುಡದಲ್ಲಿ ಒಂಟಿ ಸಲಗ ಕಂಡಿದೆ. ಬೆಳಕು ಬಿದ್ದದ್ದು ಸೀದಾ ಅದರ ಕಣ್ಣಿಗೆ. ಅದು ಎರಡು ಹೆಜ್ಜೆ ಮುಂದೆ ಬಂದು, ಏನನಿಸಿತೋ ಏನೋ, ತಿರುಗಿ ಹೋಯಿತು. ಅವರಿಗೆ ಒಂದು ಗೀರೂ ಆಗಲಿಲ್ಲ. ಆದರೆ ಆಮೇಲೆ ದಿನಾ ರಾತ್ರಿ ಜಗಲಿಯಲ್ಲಿ ಕುಳಿತು ಕಾಯುವುದೇ ಕೆಲಸ. ನಾವು ಮಾತಾಡುತ್ತಿದ್ದಾಗ ರಸ್ತೆಯಲ್ಲಿ ಲಾರಿಯೊಂದು ಗೇರ್ ಬದಲಿಸಿತು. ಅವರ ಮಾತು ಅಲ್ಲೇ ನಿಂತಿತು, ಭುಜ ಮೇಲೆದ್ದಿತು, ಕಣ್ಣು ಬಾಗಿಲಿಗೆ ಹೋಯಿತು. ಆ ಭುಜ ಇಳಿಯಲು ತುಂಬಾ ಹೊತ್ತು ಬೇಕಾಯಿತು.

ನಾಟಕ ಅಲ್ಲವೇ ಅಲ್ಲ ಎಂದು ನಾನು ಮೊದಲು ಹೇಳಿದೆ. ಏಕೆ ಅಲ್ಲ ಎಂಬುದನ್ನೂ ಬಿಡಿಸಿ ಹೇಳಬೇಕಿತ್ತು, ಸುಮ್ನೆ ಸಮಾಧಾನ ಮಾಡಿದರೆ ಇಂಥವರು ನಂಬುವುದಿಲ್ಲ.

ಆನೆ ಕಂಡ ಕ್ಷಣ ಎದೆ ಹೊಡೆದುಕೊಳ್ಳುವುದು ಅಡ್ರಿನಲಿನ್‌ನಿಂದ. ಅದು ಸೆಕೆಂಡುಗಳ ಕೆಲಸ. ಅದರ ಜೊತೆಗೇ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಸಣ್ಣ ಜಾಗದಿಂದ ಇನ್ನೊಂದು ಹಾರ್ಮೋನು ಹೊರಡುತ್ತದೆ. ಕಾರ್ಟಿಕೋಟ್ರೋಪಿನ್ ರಿಲೀಸಿಂಗ್ ಹಾರ್ಮೋನ್, ಚಿಕ್ಕದಾಗಿ ಸಿಆರ್‌ಎಚ್. ಬರೀ 41 ಅಮೈನೋ ಆಮ್ಲಗಳ ಸರಪಳಿ ಅದು. ಅಮೆರಿಕದ ಸಾಲ್ಕ್ ಸಂಸ್ಥೆಯ ವೈಲಿ ವೇಲ್ ಮತ್ತು ಜೊತೆಗಾರರು 1981ರಲ್ಲಿ ಕುರಿಗಳ ಮಿದುಳಿನಿಂದ ಅದನ್ನು ಬೇರ್ಪಡಿಸಿ ತೋರಿಸಿದರು. ಸಿಆರ್‌ಎಚ್ ಹತ್ತಿರದ ಪಿಟ್ಯುಟರಿ ಗ್ರಂಥಿಗೆ ಹೋಗುತ್ತದೆ. ಅಲ್ಲಿಂದ ಎಸಿಟಿಎಚ್ ಎಂಬ ಇನ್ನೊಂದು ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ತಲುಪಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಬಿಡಿಸುತ್ತದೆ. ಈ ಕಾರ್ಟಿಸಾಲ್ ಏರಿ ತುದಿ ಮುಟ್ಟಲು ಇಪ್ಪತ್ತು ಮೂವತ್ತು ನಿಮಿಷ ಬೇಕು. "ಆನೆ ಹೋಗಿ ಅರ್ಧ ಗಂಟೆಯಾದ್ರೂ ಮೈ ಬಿಸಿ ಇಳಿಯಲ್ಲ" ಎಂದು ಅವರು ಹೇಳಿದ್ದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಕಾರ್ಟಿಸಾಲ್ ಸಾಕಷ್ಟು ಆದ ಮೇಲೆ ಅದೇ ಹೈಪೊಥಲಾಮಸ್‌ಗೆ ಹೋಗಿ ಸಿಆರ್‌ಎಚ್ ನಿಲ್ಲಿಸುತ್ತದೆ. ಹಾಗಿದ್ದ ಮೇಲೆ ತಿಂಗಳುಗಟ್ಟಲೆ ಯಾಕೆ ಹೀಗೆ? ಒಂದು, ಇವರು ದಿನಾ ರಾತ್ರಿ ಹೊಸದಾಗಿ ಹೆದರುತ್ತಿದ್ದರು. ಇನ್ನೊಂದು, ಸಿಆರ್‌ಎಚ್ ಇರುವುದು ಅಲ್ಲಿ ಮಾತ್ರ ಅಲ್ಲ. ಭಯವನ್ನು ನೆನಪಿಟ್ಟುಕೊಳ್ಳುವ ಅಮಿಗ್ಡಲಾ ಎಂಬ ಮಿದುಳಿನ ಭಾಗದಲ್ಲೂ ಇದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಾರ್ಟಿಸಾಲ್ ವರ್ಗದ ಹಾರ್ಮೋನುಗಳು ಅಲ್ಲಿ ಅದನ್ನು ತಗ್ಗಿಸುವ ಬದಲು ಹೆಚ್ಚಿಸುವುದು ಕಂಡಿದೆ. ಒಮ್ಮೆ ಚಿರತೆ ಕಂಡ ನಾಯಿ ಆಮೇಲೆ ಬೆಕ್ಕಿಗೂ ಬೊಗಳುತ್ತದಲ್ವಾ, ಹಾಗೆ ಅವರ ಮೈ ಲಾರಿ ಸದ್ದಿಗೂ ಎದ್ದು ನಿಲ್ಲುತ್ತಿತ್ತು.

ಹೊಟ್ಟೆಯ ವಿಷಯಕ್ಕೆ ಬಂದಾಗ ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಸಿಆರ್‌ಎಚ್ ಹಸಿವನ್ನು ಕಟ್ಟಿಹಾಕುತ್ತದೆ. ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ದೊಡ್ಡ ಕರುಳಿನ ಚಲನೆಯನ್ನು ಮಾತ್ರ ಜೋರು ಮಾಡುತ್ತದೆ. ಮೇಲೆ ತಿಂದದ್ದು ನಿಂತ ಹಾಗೆ, ಕೆಳಗೆ ಭೇದಿ. ಅವರು ಹೇಳಿದ ಎರಡೂ ತೊಂದರೆಗೆ ಒಂದೇ ಕಾರಣ ಇರಬಹುದು ಎಂದಾಗ ಹೆಂಡತಿ ಕಣ್ಣೊರೆಸಿಕೊಂಡರು. ಕ್ಯಾನ್ಸರ್ ಇರಬಹುದೆಂದು ಅಷ್ಟು ದಿನ ಒಳಗೊಳಗೇ ಹೆದರಿದ್ದರಂತೆ.

"ಇದನ್ನ ತಡೆಯೋ ಮಾತ್ರೆ ಇಲ್ವಾ?" ಎಂದು ಕೇಳಿದರು. ಸಿಆರ್‌ಎಚ್ ಅನ್ನು ತಡೆಯುವ ಔಷಧಿಗಳನ್ನು ಖಿನ್ನತೆಗೂ ಆತಂಕಕ್ಕೂ ಪ್ರಯತ್ನಿಸಿ ನೋಡಿದ್ದಾರೆ, ನಿರೀಕ್ಷಿಸಿದಷ್ಟು ಫಲ ಸಿಕ್ಕಿಲ್ಲ. ಅಂಥ ಒಂದು ಔಷಧಿಗೆ ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ಅದು ಹುಟ್ಟಿನಿಂದ ಬರುವ ಅಡ್ರಿನಲ್ ಕಾಯಿಲೆಯೊಂದಕ್ಕೆ. ಆದ್ದರಿಂದ ನಾವು ದಿನಚರಿಗೇ ಕೈಹಾಕಬೇಕಾಯಿತು.

ಹೆದರಬೇಡಿ ಎಂದು ನಾನು ಹೇಳಲಿಲ್ಲ. ಆನೆ ನಿಜವಾಗಿಯೂ ತೋಟಕ್ಕೆ ಬರುತ್ತದೆ, ಹೆದರಿಕೆ ಬೇಕು ಕೂಡ. ಹೇಳಿದ್ದು ಇಷ್ಟು: ಕಾವಲನ್ನು ಒಬ್ಬರೇ ಹೊರಬೇಡಿ. ತಮ್ಮನ ಜೊತೆ, ಪಕ್ಕದ ತೋಟದವರ ಜೊತೆ ಪಾಳಿ ಹಾಕಿಕೊಳ್ಳಿ. ನಿಮ್ಮ ಪಾಳಿ ಇಲ್ಲದ ರಾತ್ರಿ ಆನೆ ಬಂದ ಸುದ್ದಿ ಕೊಡುವ ವಾಟ್ಸಾಪ್ ಗುಂಪಿನ ಮೆಸೇಜು ತಮ್ಮನ ಫೋನಿಗೆ ಬರಲಿ, ಅಗತ್ಯವಿದ್ದರೆ ಅವರೇ ಎಬ್ಬಿಸುತ್ತಾರೆ. ಎಷ್ಟೇ ತಡವಾಗಿ ಮಲಗಿದರೂ ಬೆಳಿಗ್ಗೆ ಏಳುವ ಸಮಯ ಒಂದೇ ಇರಲಿ. ಸದ್ದಿಗೆ ಎಚ್ಚರವಾದರೆ ಉಸಿರು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ಐದು ನಿಮಿಷ.

ಕಷ್ಟವಾದದ್ದು ರಾತ್ರಿಯ ಎರಡು ಪೆಗ್ಗಿನ ಮಾತು. ನಿದ್ದೆಗೋಸ್ಕರ ಶುರುವಾದದ್ದು ಅದು. ಕುಡಿದರೆ ನಿದ್ದೆ ಬೇಗ ಹತ್ತುತ್ತದೆ, ನಡುರಾತ್ರಿ ಒಡೆಯುತ್ತದೆ. ರೂಢಿಯಾಗಿ ಜಾಸ್ತಿ ಕುಡಿಯುವವರಲ್ಲಿ ಅಮಲು ಇಳಿಯುವಾಗ ಅಮಿಗ್ಡಲಾದ ಸಿಆರ್‌ಎಚ್ ಇನ್ನೂ ಕೆರಳುತ್ತದೆ. ಅವರು ಡಾಕ್ಟರ ಸಲಹೆಯಂತೆ ಹಂತಹಂತವಾಗಿ ಬಿಟ್ಟರು. ಅತಿಯಾಗಿ ಕುಡಿಯುವವರು ಒಮ್ಮೆಲೇ ಬಿಡುವುದು ಅಪಾಯ, ಇದನ್ನು ಒತ್ತಿ ಹೇಳುತ್ತೇನೆ. ಸಂಜೆಯ ಕಾಫಿಯನ್ನೂ ನಿಲ್ಲಿಸಿದೆವು. ಕೊಡಗಿನವರಿಗೆ ಕಾಫಿ ಬೇಡ ಎನ್ನುವುದು ಸುಲಭವಲ್ಲ, ಬೆಳಗಿನದನ್ನು ಬಿಟ್ಟುಕೊಟ್ಟೆ.

ಕೊನೆಗೆ ಬೈನೆ ಮರ. ಹಗಲಲ್ಲಿ, ಆನೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಮ್ಮನ ಜೊತೆ ಮೊದಲು ಕಣದವರೆಗೆ, ಆಮೇಲೆ ಗೇಟಿನವರೆಗೆ, ಆಮೇಲೆ ಮರದ ಹತ್ತಿರ. ಎದೆ ಹೊಡೆತ ಇಳಿಯುವವರೆಗೆ ಅಲ್ಲೇ ನಿಲ್ಲಬೇಕು, ಓಡಿ ಬರಬಾರದು. ಇದನ್ನು ಅವರು ನಾನು ಅಂದುಕೊಂಡದ್ದಕ್ಕಿಂತ ಬೇಗ ಮಾಡಿದರು.

ಪುತ್ತರಿ, ಅಂದರೆ ಕೊಡಗಿನ ಸುಗ್ಗಿ ಹಬ್ಬ, ಕಳೆದ ಮೇಲೆ ಬಂದಾಗ ಭೇದಿ ಬಹುತೇಕ ನಿಂತಿತ್ತು, ಎರಡು ರೊಟ್ಟಿ ತಿಂದು ಬಂದಿದ್ದರು. ಪಟಾಕಿ ಸದ್ದಿಗೆ ಇನ್ನೂ ಬೆಚ್ಚುತ್ತಾರೆ. ಅದು ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದು ಹೇಳಿದ್ದೇನೆ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಲದಲ್ಲಿ ರಕ್ತ ಕಂಡರೆ ಅಥವಾ ತೂಕ ಇಳಿದರೆ ನನ್ನ ಹತ್ತಿರ ಅಲ್ಲ, ಮೊದಲು ಹೊಟ್ಟೆಯ ಡಾಕ್ಟರ ಹತ್ತಿರ ಹೋಗಬೇಕು. ಅವರ ಜೊತೆ ಅಷ್ಟೂ ರಾತ್ರಿ ಎಚ್ಚರವಿದ್ದ ಹೆಂಡತಿಗೆ ಬೇರೆಯಾಗಿ ಸಮಯ ಕೊಟ್ಟಿದ್ದೇನೆ.