ತರಬೇತುದಾರರು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಾದ ಎನ್‌ಐಎಸ್‌ನಲ್ಲಿ ಕಲಿತವರು, ಮೈದಾನದಲ್ಲಿ ಸಿಸಿಟಿವಿ ಇದೆ. ದಾವಣಗೆರೆಯ ಬೇಸಿಗೆ ಶಿಬಿರಕ್ಕೆ ಮಗಳನ್ನು ಧೈರ್ಯವಾಗಿ ಕಳಿಸಬಹುದೇ?

ಈ ಎರಡನ್ನೇ ನಾನೂ ವಿಚಾರಿಸಿದ್ದೆ, ಎರಡೂ ಸರಿಯಾಗಿಯೇ ಇದ್ದವು. ನಾನು ಸೇರಿಸಿದ್ದು ಮಗನನ್ನು, ಕಬಡ್ಡಿಗೆ. ಗಂಡು ಹುಡುಗನಿಗೆ ಏನಾದೀತು ಎಂಬ ಉಡಾಫೆಯೂ ಇತ್ತು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧದ 2012ರ ಪೋಕ್ಸೊ ಕಾಯ್ದೆ ಗಂಡು, ಹೆಣ್ಣು ಎನ್ನದೆ 18 ವರ್ಷದೊಳಗಿನ ಎಲ್ಲರಿಗೂ ಅನ್ವಯಿಸುತ್ತದೆ ಎಂಬುದು ನನಗೆ ಗೊತ್ತಾದದ್ದು ಪೊಲೀಸ್ ಠಾಣೆಯಲ್ಲಿ.

ನಾನು ಎಪಿಎಂಸಿಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಹರಾಜಿನ ಹೊತ್ತಿಗೆ ಅಂಗಡಿಯಲ್ಲಿರಬೇಕಾದ್ದರಿಂದ, ಬೆಳಗಿನ ಅಭ್ಯಾಸ ಮುಗಿದ ಮೇಲೆ ಹುಡುಗನನ್ನು ತಮ್ಮ ಬೈಕಿನಲ್ಲಿ ಮನೆಗೆ ಬಿಡುತ್ತೇನೆಂದು ಕೋಚ್ ಹೇಳಿದಾಗ ಉಪಕಾರವೆಂದೇ ಭಾವಿಸಿ, ಮನೆಯಲ್ಲಿ ಅವರಿಗೆ ತಿಂಡಿಯನ್ನೂ ಕೊಡಿಸಿದೆ. ಅಂಕಣದ ಮೇಲಿದ್ದ ಕ್ಯಾಮೆರಾಕ್ಕೆ ಬೈಕಿನ ದಾರಿಯಾಗಲಿ, ರಾತ್ರಿ ನನ್ನ ಮಗನ ವಾಟ್ಸ್‌ಆ್ಯಪ್‌ಗೆ ಬರುತ್ತಿದ್ದ ಸಂದೇಶಗಳಾಗಲಿ ಕಾಣುವಂತಿರಲಿಲ್ಲ. 'ನಾಳೆ ಎಲ್ಲರೂ ಹೋದಮೇಲೆ ಉಳಿ, ಮನೇಲಿ ಹೇಳಬೇಡ' ಎಂಬ ಸಾಲನ್ನು ಮೊದಲು ಓದಿದ್ದು ಅವನ ಅಕ್ಕ. ಕೂರಿಸಿಕೊಂಡು ಕೇಳಿದಾಗ ಹುಡುಗ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ನಾನು ಕೆಟ್ಟದ್ದು ಇದರ ನಂತರ. ಠಾಣೆಗೆ ಹೋಗುವ ಬದಲು ಆ ಫೋನನ್ನು ಹಿಡಿದುಕೊಂಡು ನೇರವಾಗಿ ಶಿಬಿರದ ಮಾಲೀಕರ ಬಳಿಗೆ ಹೋದೆ. ಪರಿಚಯದವರು, ಹಿರಿಯರು, ಅವರೇ ನ್ಯಾಯ ಮಾಡುತ್ತಾರೆ, ಹುಡುಗನ ಹೆಸರೂ ಬಯಲಿಗೆ ಬರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಅವರು ಎಲ್ಲವನ್ನೂ ಓದಿ, 'ನನಗೆ ಬಿಡಿ' ಎಂದು ಕಳಿಸಿದರು. ರಾತ್ರಿಯಾಗುವುದರೊಳಗೆ ಆ ಸಂದೇಶಗಳನ್ನು ಕಳಿಸಿದವನೇ ನಮ್ಮ ಫೋನಿನಲ್ಲೂ ಕಾಣದಂತೆ ಅಳಿಸಿಹಾಕಿದ್ದ. ನಮ್ಮ ಬಳಿ ಒಂದು ಸ್ಕ್ರೀನ್‌ಶಾಟ್ ಕೂಡ ಇರಲಿಲ್ಲ. ಮುಂದಿನ ವಾರ ಅವನು ಊರಲ್ಲೇ ಇರಲಿಲ್ಲ. ಪಕ್ಕದ ತಾಲ್ಲೂಕಿನ ಶಿಬಿರವೊಂದರ ಬ್ಯಾನರಿನಲ್ಲಿ ಅವನ ಫೋಟೊ ಕಂಡ ಮೇಲಷ್ಟೇ ನಾನು ದೂರು ಕೊಟ್ಟೆ. ಅಷ್ಟರಲ್ಲಿ ಪೊಲೀಸರಿಗೆ ತೋರಿಸಲು ಹುಡುಗನ ಮಾತಿನ ಹೊರತು ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲು ಮತ್ತು ದಂಡವಿದೆ. ಅಂದರೆ ನಾನು ನ್ಯಾಯ ಕೇಳಲು ಹೋಗಿದ್ದು, ವಿಷಯ ಹೊರಬಿದ್ದರೆ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವ ಮನುಷ್ಯನ ಬಳಿ. ಹೆಸರು ಬಯಲಾಗುವ ನನ್ನ ಭಯಕ್ಕೂ ಕಾನೂನಿನಲ್ಲಿ ಉತ್ತರವಿತ್ತು: ಮಗುವಿನ ಗುರುತನ್ನು ಪ್ರಕಟಿಸುವಂತಿಲ್ಲ, ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲವೆಂದು ನನಗನ್ನಿಸುತ್ತದೆ. ಎನ್‌ಐಎಸ್ ಡಿಪ್ಲೊಮಾ ಆಟ ಕಲಿಸಲು ಬರುತ್ತದೆ ಎಂಬುದಕ್ಕೆ ಸಾಕ್ಷಿಯೇ ಹೊರತು ನಡತೆಗಲ್ಲ. ಮಹಿಳಾ ಕೋಚ್ ಇದ್ದರೆ ಸಾಕೆಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಮಕ್ಕಳನ್ನು ಕರೆದೊಯ್ಯಲು ಯಾರಿಗೆ ಅನುಮತಿಯಿದೆ, ಪೋಷಕರು ಬರುವುದು ತಡವಾದರೆ ಮಗುವಿನ ಜೊತೆ ಯಾವ ಇಬ್ಬರು ಉಳಿಯುತ್ತಾರೆ, ಬಟ್ಟೆ ಬದಲಿಸುವ ಕೋಣೆಗೆ ದೊಡ್ಡವರು ಹೋಗುತ್ತಾರೆಯೇ, ಸಂದೇಶಗಳು ಪೋಷಕರಿರುವ ಗುಂಪಿಗೆ ಮಾತ್ರ ಬರುತ್ತವೆಯೇ ಎಂದು ಕೇಳಿ. ಮಗಳಿಗೂ 1098 ಸಂಖ್ಯೆಯನ್ನು ಬಾಯಿಪಾಠ ಮಾಡಿಸಿ. ಅದು ಮಕ್ಕಳ ಸಹಾಯವಾಣಿ. ಮುನ್ಸೂಚನೆಯಿಲ್ಲದೆ ಒಂದು ಬೆಳಿಗ್ಗೆ ಅಭ್ಯಾಸದ ನಡುವೆ ಹೋಗಿ ನಿಲ್ಲಿ. ಪೋಷಕರು ನಿಂತರೆ ಮಕ್ಕಳ ಗಮನ ಕೆಡುತ್ತದೆಂದು ನಿಮ್ಮನ್ನು ಗೇಟಿನ ಹೊರಗೆ ಕಳಿಸಿದರೆ, ಕಟ್ಟಿದ ಶುಲ್ಕ ಹೋದರೂ ಹೋಗಲಿ, ಮಗಳನ್ನು ಅಂದೇ ಬಿಡಿಸಿಕೊಂಡು ಬನ್ನಿ.